ಕೆಂಪು ದಾರದ ಗುಂಡಿ

"ಸತ್ತ ಅಂದ್ರೆ ಸತ್ತ. ಸೇತುವೆ ಮೇಲಿಂದ ಬಿದ್ದ, ಹಿಂದೇನೇ ಢಮ್ ಅಂತು, ವಾದ್ಯ ಎಲ್ಲ ನಿಂತ್ಹೋಯ್ತು. ಇನ್ನೇನು ಬೇಕು ನಿನಗೆ? ಡೆತ್ ಸರ್ಟಿಫಿಕೇಟಾ?"

ಕಾಜಕ್ಕ ಹೀಗೆ ಅಂದಾಗ ಇಸ್ತ್ರಿಯವನು ಪೆಟ್ಟಿಗೆಯನ್ನು ಪ್ಯಾಂಟಿನ ಮೇಲಿಂದ ಎತ್ತುವುದನ್ನೇ ಮರೆತ. ಸಣ್ಣಗೆ ಸುಟ್ಟ ವಾಸನೆ ಬಂತು. ಮಾಸ್ಟರ್ ಕತ್ತರಿಯನ್ನು ಅವನ ಕಡೆ ಚಾಚಿ, "ಮೊದಲು ಅದನ್ನ ಎತ್ತು. ಆಮೇಲೆ ಅವನನ್ನ ಬದುಕಿಸು" ಅಂದ.

ಬದುಕಬೇಕಾಗಿದ್ದವನು ಸಿನಿಮಾದ ಗೂಢಚಾರ, ಕರಿ ಕೋಟು ತೊಟ್ಟುಕೊಂಡು ಆಗಾಗ ಬಂದು ಲೋಕ ಕಾಪಾಡಿ ಹೋಗುವ ಆಸಾಮಿ. ಅವನ ಏಳನೆಯ ಸಿನಿಮಾ ಆ ವಾರ ಬಿಡುಗಡೆಯಾಗಿತ್ತು. ಮೊದಲನೆಯದು ಬಂದಾಗ ಈ ಮೂವರಲ್ಲಿ ಯಾರ ತಲೆಯಲ್ಲೂ ಬಿಳಿ ಕೂದಲಿರಲಿಲ್ಲ. ಅಂದಿನಿಂದ ಪ್ರತಿಯೊಂದನ್ನೂ ಮೊದಲ ಭಾನುವಾರವೇ ಒಟ್ಟಿಗೆ ನೋಡುವುದು, ಮುಂದಿನದು ಬರುವ ತನಕ ಅದರ ಮೇಲೆ ಜಗಳ ಆಡುವುದು ಈ ದರ್ಜಿ ಅಂಗಡಿಯ ಪದ್ಧತಿ. ಬಟ್ಟೆ ಕತ್ತರಿಸುವವನು, ಯಜಮಾನನೂ ಅವನೇ, ಮಾಸ್ಟರ್. ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು ಕಾಜಾ, ಗುಂಡಿ, ಅಂಚು ಅಂತ ಕೈಕೆಲಸವನ್ನೆಲ್ಲ ಮಾಡುವವಳು ಕಾಜಕ್ಕ. ಬೆಂಕಿಯ ಹತ್ತಿರ ಇದ್ದೂ ಇದ್ದೂ ನಾಲಿಗೆಯೂ ಬಿಸಿಯಾಗಿರುವವನು ಇಸ್ತ್ರಿಯವನು.

ಊರಿನವರೆಲ್ಲ ಹೊಡೆದಾಟ ನೋಡಿದರೆ ಇವರು ನೋಡುವುದು ಕೋಟು. ಮೂರನೆಯ ಸಿನಿಮಾದಲ್ಲಿ ಗೂಢಚಾರ ಮೂರು ಗುಂಡಿಯ ಕೋಟಿನಲ್ಲಿ ನದಿಗೆ ಹಾರಿ ನಾಲ್ಕು ಗುಂಡಿಯ ಕೋಟಿನಲ್ಲಿ ಮೇಲೆದ್ದಿದ್ದ. ತುಂಬಿದ ಟಾಕೀಸಿನಲ್ಲಿ ಅದನ್ನು ಕಂಡವಳು ಕಾಜಕ್ಕ ಒಬ್ಬಳೇ. "ನೀರೊಳಗೆ ಯಾರಪ್ಪ ಹೊಲ್ಕೊಟ್ಟೋರು?" ಅಂತ ಅವಳು ಕೂಗಿದ್ದಕ್ಕೆ ಸುತ್ತಲಿನವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಗುಂಡಿಯ ವಿಷಯದಲ್ಲಿ ಅಂದಿನಿಂದ ಅವಳ ಮಾತೇ ಕೊನೆ ಮಾತು.

ಈ ಸಲದ ಜಗಳವೂ ಗುಂಡಿಯದೇ. ಸಿನಿಮಾ ಮುಗಿದು ಹೆಸರುಗಳೆಲ್ಲ ಮೇಲೆ ಹೋದ ಮೇಲೆ ಒಂದು ಗಳಿಗೆ ಸದ್ದಿಲ್ಲದ ದೃಶ್ಯ ಬರುತ್ತದೆ. ರೈಲು ನಿಲ್ದಾಣ, ಜನಜಂಗುಳಿ, ಮುಖ ಕಾಣದ ಒಬ್ಬ ಮನುಷ್ಯ. ಅವನ ಕೈ ಕೋಟಿನ ಕೆಳಗಿನ ಗುಂಡಿ ಹಾಕುತ್ತದೆ. ಆ ಗುಂಡಿಗೆ ಕೆಂಪು ದಾರ. ಮೊದಲನೆಯ ಸಿನಿಮಾದಲ್ಲಿ ಗೂಢಚಾರ ಕಿತ್ತುಹೋದ ಗುಂಡಿಯನ್ನು ಕಿಟಕಿ ಪರದೆಯಿಂದ ಎಳೆದ ಕೆಂಪು ದಾರದಲ್ಲಿ ತಾನೇ ಹೊಲಿದುಕೊಂಡಿದ್ದ. ಹೊಲಿಗೆ ಬಾರದವನು, ಎರಡು ನೇರ ಗೆರೆ ಹಾಕುವ ಬದಲು ಕತ್ತರಿಯ ಹಾಗೆ ಅಡ್ಡಡ್ಡ ಹಾಕಿದ್ದ. ಕಾಜಕ್ಕ ಅವತ್ತೇ ಮೂಗು ಮುರಿದಿದ್ದಳು.

"ಕೆಂಪು ದಾರ ಕಾಣಲಿಲ್ವಾ ಕಾಜಕ್ಕ ನಿನಗೆ?" ಇಸ್ತ್ರಿಯವನು ಕೇಳಿದ.

"ಕಾಣದೆ ಏನು? ಕಂಡೆ." ಅವಳು ಕೈಯಲ್ಲಿದ್ದ ತೋಳಿನ ಮೇಲೆ ಇನ್ನಷ್ಟು ಬಗ್ಗಿದಳು. "ಕೋಟು ವೈರಿ ಕೈಗೆ ಸಿಕ್ಕಿರುತ್ತೆ, ಹಾಕ್ಕೊಂಡು ಹೊರಟಿದಾನೆ. ಕೋಟು ಬದುಕಿದೆ, ಮನುಷ್ಯ ಸತ್ತಿದಾನೆ."

"ನೀನು ಹಿಡಿದ ಮೊಲಕ್ಕೆ ಮೂರೇ ಕಾಲು ಬಿಡು."

"ಎಣಿಸಿದೀನಿ ಕಣೋ, ಮೂರೇ ಇರೋದು."

"ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ಮಾಡಿದಾರೆ" ಅಂದ ಮಾಸ್ಟರ್. "ಎಂಟನೇದಕ್ಕೂ ನಮ್ಮನ್ನ ಕರೀಬೇಕಲ್ಲ."

ಮಾತು ಅಲ್ಲಿಗೆ ನಿಂತಿತು. ಕಾಜಕ್ಕ ಸೂಜಿದಿಂಬಿನಿಂದ ಇನ್ನೊಂದು ಸೂಜಿ ಕಿತ್ತುಕೊಂಡಳು. ಈಚೆಗೆ ಅವಳು ಮನೆಯಿಂದಲೇ ದಾರ ಪೋಣಿಸಿದ ಸೂಜಿಗಳನ್ನು ಸಾಲಾಗಿ ಚುಚ್ಚಿಕೊಂಡು ತರುತ್ತಿದ್ದಳು. ಕೆಲಸ ಬೇಗ ಸಾಗಲೆಂದು ಇರಬೇಕು ಅಂತ ಮಾಸ್ಟರ್ ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದ.

ಮಾರನೆಯ ದಿನ ಮಧ್ಯಾಹ್ನ ವಕೀಲರೊಬ್ಬರ ಹೊಸ ಕರಿ ಕೋಟು ಇಸ್ತ್ರಿ ಮೇಜಿಗೆ ಬಂತು. ಸಂಜೆ ಅವರು ಬಂದು ಒಯ್ಯುವುದಿತ್ತು. ಕೋಟನ್ನು ಹರಡಿದ ಇಸ್ತ್ರಿಯವನು ಇದ್ದಕ್ಕಿದ್ದಂತೆ ಕುಣಿದಾಡಿಬಿಟ್ಟ.

"ಮಾಸ್ಟ್ರೇ, ಬನ್ನಿ ಇಲ್ಲಿ! ಕಾಜಕ್ಕ ಶರಣಾಗಿದಾಳೆ!"

ಕೋಟಿನ ಕೆಳಗಿನ ಗುಂಡಿಯನ್ನು ಅಚ್ಚ ಕೆಂಪು ದಾರದಲ್ಲಿ ಹೊಲಿಯಲಾಗಿತ್ತು. ಮಾಸ್ಟರಿಗೂ ನಗು ತಡೆಯಲಾಗಲಿಲ್ಲ. ಸೋತೆ ಅಂತ ಬಾಯಿ ಬಿಟ್ಟು ಹೇಳಲಾರದವಳು ದಾರದಲ್ಲಿ ಹೇಳಿದಳಲ್ಲ ಅಂತ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೆಂಪು ದಾರ ಹಾಕಿ ಅವನು ಬದುಕಿದಾನೆ ಅಂತ ಒಪ್ಪಿಕೊಂಡಳು!" ಅಂತ ಇಸ್ತ್ರಿಯವನು ಬೀದಿಗೆ ಕೇಳುವ ಹಾಗೆ ಸಾರಿದ.

ಕಾಜಕ್ಕ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಳು. ನಗು ಎಲ್ಲಿಂದ ಬರುತ್ತಿದೆ ಅಂತ ಹುಡುಕುವವಳ ಹಾಗೆ ಅವಳ ಮುಖ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ತಿರುಗಿತು. ಆಮೇಲೆ ಅವಳೂ ನಕ್ಕಳು.

"ಹೂಂ. ಆಯ್ತಲ್ಲ, ಸೋತೆ."

ಇಸ್ತ್ರಿಯವನು ಗೆದ್ದ ಖುಷಿಯಲ್ಲಿ ಚಹಾ ತರಲು ಓಡಿದ. ಮಾಸ್ಟರ್ ಮಾತ್ರ ಕೋಟು ಹಿಡಿದು ನಿಂತೇ ಇದ್ದ. ಅವನ ನಗು ಅರ್ಧಕ್ಕೇ ನಿಂತಿತ್ತು. ಆರು ಸಿನಿಮಾಗಳ ಜಗಳದಲ್ಲಿ ಈ ಹೆಂಗಸು ಒಂದು ಸಲವೂ ಸೋತೆ ಅಂದಿರಲಿಲ್ಲ. ಗಿರಾಕಿಯ ಬಟ್ಟೆಯ ಮೇಲೆ ತಮಾಷೆ ಮಾಡಿದ್ದಂತೂ ಇಲ್ಲವೇ ಇಲ್ಲ. ಒಂದು ಎಳೆ ಬಣ್ಣ ಹೆಚ್ಚುಕಡಿಮೆಯಾದರೂ ಬಿಚ್ಚಿ ಮತ್ತೆ ಹೊಲಿಯುವವಳು. ಅವನು ಹೋಗಿ ಕೋಟನ್ನು ಅವಳ ತೊಡೆಯ ಮೇಲಿಟ್ಟ.

"ಯಾವ ಗುಂಡಿ, ತೋರಿಸು ನೋಡೋಣ."

ಕಾಜಕ್ಕನ ಹೆಬ್ಬೆರಳು ಮೇಲಿನ ಗುಂಡಿಯನ್ನು ಮುಟ್ಟಿತು, ಆಮೇಲೆ ನಡುವಿನದನ್ನು, ಆಮೇಲೆ ಕೆಳಗಿನದನ್ನು. ದಾರಕ್ಕೆ ಬಣ್ಣ ಇರುತ್ತದೆ, ಬೆರಳಿಗೆ ಅದು ತಿಳಿಯುವುದಿಲ್ಲ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಯಾವಾಗಿಂದ?" ಮಾಸ್ಟರ್ ಕೇಳಿದ.

ಅವಳು ತೊಡೆಯ ಮೇಲಿನ ಕೋಟನ್ನು ಸವರಿ ಸರಿಮಾಡಿದಳು.

"ಹಿಂದಿನ ಸಿನಿಮಾದಿಂದ. ಆ ಹಿಮದ ಬೆಟ್ಟದ್ದು ಇತ್ತಲ್ಲ. ನಡುವೆ ಎಲ್ಲ ಬೆಳ್ಳಗೆ ಕಾಣ್ತಿತ್ತು. ಹಿಮಾನೇ ಇರಬೇಕು ಅಂದ್ಕೊಂಡೆ ಮಾಸ್ಟ್ರೇ. ಹೊರಗೆ ಬಂದ್ರೂ ಹಾಗೇ ಇತ್ತು."

ಡಾಕ್ಟರ ಹತ್ತಿರ ಹೋಗಿ ಬಂದಿದ್ದಳು. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಅಂದಿದ್ದರಂತೆ. ನಡುವೆ ಮಸುಕು, ಸುತ್ತಲೂ ಕಾಣುತ್ತದೆ. ಸಂಜೆ ಹೊತ್ತು ಮೊಮ್ಮಗಳು ಆಟ ಅಂದುಕೊಂಡು ಸೂಜಿಗಳಿಗೆಲ್ಲ ದಾರ ಪೋಣಿಸಿ, ಹೇಳಿದ ಸಾಲಿನಲ್ಲಿ ಚುಚ್ಚಿಕೊಡುತ್ತಿದ್ದಳು. ಎಡಗಡೆ ಕಪ್ಪು, ಆಮೇಲೆ ಬಿಳಿ, ಆಮೇಲೆ ಕಂದು, ಬಲತುದಿಗೆ ಕೆಂಪು. ಆ ಲೆಕ್ಕದ ಮೇಲೆ ಇಷ್ಟು ದಿನ ಕೆಲಸ ನಡೆದಿತ್ತು.

ಮಾಸ್ಟರಿಗೆ ಸಿಟ್ಟು ಬಂತು. ಕರುಣೆ ಬರಬೇಕಾದ ಕಡೆ ಮೊದಲು ಸಿಟ್ಟೇ ಬರುವ ಜಾತಿಯ ಮನುಷ್ಯ ಅವನು. "ನನಗೆ ಒಂದು ಮಾತು ಹೇಳೋಕೆ ಏನಾಗಿತ್ತು? ಈ ಕೋಟು ಹಾಗೇ ಹೋಗಿದ್ರೆ ನನ್ನ ಮಾನ ಕೋರ್ಟಲ್ಲಿ ಹರಾಜಾಗ್ತಿತ್ತು!"

"ಹೇಳಿದ್ರೆ ಏನು ಮಾಡ್ತಿದ್ರಿ? ಪಾಪ ಅಂತಿದ್ರಿ. ಒಳ್ಳೆ ಮಾತಾಡಿ ಮನೆಗೆ ಕಳಿಸ್ತಿದ್ರಿ. ಮನೇಲಿ ಮಗ ಸೊಸೆ ಚೆನ್ನಾಗೇ ನೋಡ್ಕೋತಾರೆ, ಇಲ್ಲ ಅನ್ನಲ್ಲ. ಆದ್ರೆ ಅಲ್ಲಿ ನನ್ನ ಹತ್ರ ಯಾರೂ ಜಗಳ ಆಡಲ್ಲ. ಏನಂದ್ರೂ ಹೂಂ ಅಂತಾರೆ. ಕೂತಲ್ಲೇ ಕೂರಿಸಿ ಹೂಂ ಹೂಂ ಅಂತಾರೆ. ಈ ಬೆಂಚು ಹೋದ್ರೆ ನನಗೆ ಇನ್ನೇನಿದೆ?"

ಮಾಸ್ಟರ್ ಮುಖ ತಿರುಗಿಸಿದ. ಅವಳಿಗೆ ಕಾಣುವುದಿಲ್ಲ ಅನ್ನುವುದು ನೆನಪಾಗಿ ಮತ್ತೆ ಅವಳ ಕಡೆಗೇ ತಿರುಗಿದ.

"ನನ್ನ ಮುಖವಾದ್ರೂ ಕಾಣುತ್ತಾ?"

"ಕಿವಿ ಕಾಣುತ್ತೆ. ಮೂಗು ಕಾಣಲ್ಲ. ದೊಡ್ಡ ನಷ್ಟ ಏನಿಲ್ಲ ಬಿಡಿ."

ಅಷ್ಟರಲ್ಲಿ ಚಹಾ ಹಿಡಿದುಕೊಂಡು ಬಂದ ಇಸ್ತ್ರಿಯವನು ಇಬ್ಬರನ್ನೂ ನೋಡಿ ಬಾಗಿಲಲ್ಲೇ ನಿಂತ. ಯಾರೂ ಏನೂ ಕೇಳದಿದ್ದರೂ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, "ಬೆಳಿಗ್ಗೆ ಜೇಬು ಹೊಲ್ಕೊಳ್ಳೋಕೆ ಒಂದು ಸೂಜಿ ತಗೊಂಡೆ, ಅಷ್ಟೇ" ಅಂದ. "ದಿಂಬು ಬಿದ್ಹೋಯ್ತು. ಎಲ್ಲಾನೂ ಆರಿಸಿ ವಾಪಸ್ ಚುಚ್ಚಿಟ್ಟಿದೀನಿ. ಒಂದೂ ಕಳೆದಿಲ್ಲ." ವಿಷಯ ತಿಳಿದ ಮೇಲೆ ಅವನು ಲೋಟಗಳನ್ನಿಟ್ಟು ದಿಂಬು ಎತ್ತಿ ನೋಡಿದ: ಸೂಜಿಗಳ ಸಾಲು ಅದಲುಬದಲಾಗಿತ್ತು. ಮೂರು ಲೋಟ ಚಹಾ ಮೇಜಿನ ಮೇಲೆ ಹಾಗೇ ಆರಿತು.

ಕೆಂಪು ದಾರವನ್ನು ಮಾಸ್ಟರ್ ತಾನೇ ಬಿಚ್ಚಿದ. ಕಪ್ಪು ದಾರದಲ್ಲಿ ಗುಂಡಿ ಹೊಲಿದ. ಅವನು ಕೈಯಲ್ಲಿ ಗುಂಡಿ ಹೊಲಿದು ಎಷ್ಟೋ ಕಾಲವಾಗಿತ್ತು. ಬೆರಳಿಗೆ ಎರಡು ಸಲ ಚುಚ್ಚಿಸಿಕೊಂಡ. ವಕೀಲರು ಬಂದರು, ಕೋಟು ತೊಟ್ಟು ಕನ್ನಡಿ ನೋಡಿಕೊಂಡರು, ಖುಷಿಯಾಗಿ ಹೋದರು. ಕಾಜಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲಲ್ಲಿ ನಿಂತಳು.

"ನಾಳೆ ಬರಲಾ ಮಾಸ್ಟ್ರೇ, ಬೇಡ್ವಾ?"

ಮಾಸ್ಟರ್ ಕತ್ತರಿಸಿ ಉಳಿದ ಬಟ್ಟೆ ಚೂರುಗಳ ಬುಟ್ಟಿಯಲ್ಲಿ ಏನನ್ನೋ ಕೆದಕುತ್ತಿದ್ದ. "ಸೂಜಿದಿಂಬು ಇಲ್ಲೇ ಬಿಟ್ಟು ಹೋಗು" ಅಂದ, ತಲೆ ಎತ್ತದೆ. ಅದು ಬಾ ಅಂದದ್ದೋ ಬೇಡ ಅಂದದ್ದೋ ತಿಳಿಯದೆ ಅವಳು ಗೋಡೆ ಹಿಡಿದು ಮೆಟ್ಟಿಲಿಳಿದಳು.

ಮರುದಿನ ಬೆಳಿಗ್ಗೆ, ಆದದ್ದಾಗಲಿ ಅಂತ, ಬಂದಳು. ಬೆಂಚಿನ ಮೇಲೆ ಸೂಜಿದಿಂಬು ಇದ್ದ ಜಾಗದಲ್ಲೇ ಇತ್ತು. ಕೈಯಿಟ್ಟರೆ ಬೇರೆಯದೇ ಆಗಿ ಸಿಕ್ಕಿತು. ಒಂದು ತುದಿಗೆ ಮಖಮಲ್ಲಿನ ತುಂಡು, ಪಕ್ಕದಲ್ಲಿ ಟವೆಲಿನದು, ಆಮೇಲೆ ಗೆರೆಗೆರೆಯ ದಪ್ಪ ಬಟ್ಟೆ, ಕೊನೆಗೆ ಒರಟು ಗೋಣಿ. ಪ್ರತಿಯೊಂದರ ಮೇಲೂ ದಾರ ಪೋಣಿಸಿದ ಸೂಜಿಗಳು.

"ಮಖಮಲ್ಲು ಕಪ್ಪು, ಟವೆಲು ಬಿಳಿ, ಗೆರೆಗೆರೆ ಕಂದು" ಅಂದ ಮಾಸ್ಟರ್. "ಗೋಣಿ ಕೆಂಪು. ನೀನು ಹೊಲಿದದ್ದನ್ನೆಲ್ಲ ನಾನೊಂದ್ಸಲ ನೋಡ್ತೀನಿ, ಬಯ್ಯೋದಿದ್ರೆ ಬಯ್ತೀನಿ. ಇನ್ನು ನಿನ್ನೆ ಸೋತೆ ಅಂದ್ಯಲ್ಲ, ಅದು ಲೆಕ್ಕಕ್ಕಿಲ್ಲ. ನೋಡದೆ ಸೋಲೋ ಹಾಗಿಲ್ಲ. ಮಧ್ಯಾಹ್ನದ ಆಟಕ್ಕೆ ಹೋಗ್ತಿದೀವಿ."

ಕಾಜಕ್ಕ ಗೋಣಿಯ ತುಂಡನ್ನು ಸವರುತ್ತ ಕೂತಳು. ಕಣ್ಣು ತುಂಬಿದ್ದನ್ನು ಒರೆಸಿಕೊಳ್ಳಲಿಲ್ಲ.

ವಾರದ ನಡುವಿನ ದಿನ, ಟಾಕೀಸು ಮುಕ್ಕಾಲು ಖಾಲಿ. ಅವಳನ್ನು ನಡುವೆ ಕೂರಿಸಿಕೊಂಡು ಇಬ್ಬರೂ ಎರಡೂ ಕಿವಿಗೆ ಕಥೆ ಹೇಳಿದರು. ಇಸ್ತ್ರಿಯವನು ಹೊಡೆದಾಟ ಹೇಳಿದ, ಮಾಸ್ಟರ್ ಬಟ್ಟೆ ಹೇಳಿದ. "ಈಗ ಬೂದು ಕೋಟು, ಭುಜದಲ್ಲಿ ಸುಕ್ಕು ಬಿದ್ದಿದೆ." "ಹಾಗಾದ್ರೆ ಬಾಡಿಗೆ ಕೋಟು ಅದು" ಅಂದಳು ಕಾಜಕ್ಕ. ಮುಂದಿನ ಸಾಲಿನವನೊಬ್ಬ ತಿರುಗಿ ಶ್ ಅಂದ. "ನೀವು ನೋಡ್ರಿ, ನಾವು ಕೇಳ್ತೀವಿ" ಅಂತ ಅವಳು ಅವನನ್ನು ಸುಮ್ಮನಾಗಿಸಿದಳು.

ಸೇತುವೆ ಉರಿಯಿತು, ವಾದ್ಯ ನಿಂತಿತು, ಹೆಸರುಗಳು ಮೇಲೆ ಹೋದವು. ಉಳಿದವರೆಲ್ಲ ಎದ್ದು ಹೊರಟರು. ಸದ್ದಿಲ್ಲದ ದೃಶ್ಯ ಬಂತು. ಕಾಜಕ್ಕ ಮಾಸ್ಟರನ ತೋಳು ಹಿಡಿದು ಪಿಸುಗುಟ್ಟಿದಳು:

"ಬಣ್ಣ ಬಿಡಿ. ಹೊಲಿಗೆ ನೋಡಿ. ಬೀಳುವಾಗ ಆ ಗುಂಡಿ ಕಿತ್ತುಹೋಯ್ತು ಅಂದ್ರಲ್ಲ, ವೈರಿಯಾದ್ರೆ ದರ್ಜಿ ಹತ್ರ ಹೊಲಿಸಿರ್ತಾನೆ, ಎರಡು ನೇರ ಗೆರೆ ಇರುತ್ತೆ. ನಮ್ಮವನೇ ಆದ್ರೆ ಅವನಿಗೆ ಇವತ್ತಿಗೂ ಬರೋದು ಆ ಅಡ್ಡಡ್ಡ ಹೊಲಿಗೆ ಒಂದೇ."

ಮಾಸ್ಟರ್ ಮುಂದಕ್ಕೆ ಬಾಗಿದ. ಮೊದಲ ಸಲ ಇದನ್ನೇ ನೋಡಿದ್ದವನು ಕೆಂಪು ಕಂಡ ಕೂಡಲೇ ತೃಪ್ತನಾಗಿ ಎದ್ದುಬಿಟ್ಟಿದ್ದ. ಈಗ ರೆಪ್ಪೆ ಮಿಟುಕಿಸದೆ ಕೂತ. ಕೈ ಬಂತು, ಗುಂಡಿ ಹಾಕಿತು, ಹೋಯಿತು. ಪರದೆ ಕಪ್ಪಾಯಿತು.

ಅವನು ಅವಳ ಅಂಗೈ ಬಿಡಿಸಿ, ಉಗುರಿನಿಂದ ಒಂದು ಗೆರೆ ಎಳೆದ. ಅದರ ಮೇಲೆ ಅಡ್ಡವಾಗಿ ಇನ್ನೊಂದು.

"ಸೋತೆಯಾ ಈಗ?" ಇಸ್ತ್ರಿಯವನು ಆ ಪಕ್ಕದಿಂದ ಕೇಳಿದ.

"ಯಾರು ಸೋತದ್ದು?" ಕಾಜಕ್ಕ ಅಂದಳು. "ನಿಮ್ಮ ಕಣ್ಣು ನಂಬಿ ಒಪ್ಪಿಕೊಳ್ಳೋಕಾಗುತ್ತಾ? ಇನ್ನೊಂದ್ಸಲ ನೋಡ್ಬೇಕು."

ದೀಪಗಳು ಹತ್ತಿದವು. ಕಸ ಗುಡಿಸುವವಳು ಪೊರಕೆ ಹಿಡಿದು ಹಿಂದಿನ ಸಾಲಿನಿಂದ ಒಂದೊಂದೇ ಕುರ್ಚಿ ಮಡಚುತ್ತ ಬಂದಳು. ಕಾಜಕ್ಕ ಎದ್ದು ನಿಂತಳು, ಇಬ್ಬರ ನಡುವೆ ನಡೆದು ಬಾಗಿಲ ಬೆಳಕಿನ ಕಡೆ ಹೊರಟಳು. ಗೆರೆ ಎಳೆಸಿಕೊಂಡ ಅಂಗೈಯನ್ನು ಮಾತ್ರ ಬಿಗಿಯಾಗಿ ಮುಚ್ಚಿಕೊಂಡೇ ಇದ್ದಳು.