ಸಾಹೇಬರ ಕಾಲಿಗೆ ನೀರು

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಹಿರಿಯೂರಿನ ಹೊರಗೆ, ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಹಿತ್ತಲಲ್ಲಿ ಕೆಂಚಕ್ಕ ಬೆಳಗಿನಿಂದ ಜೇಡಿಮಣ್ಣಿನ ಹೆಂಟೆ ಕುಟ್ಟುತ್ತಿದ್ದಳು. ಚಂದ್ರಕ್ಕ ಜರಡಿ ಹಿಡಿದಿದ್ದಳು. ಪುಡಿಮಣ್ಣನ್ನು ಬುಟ್ಟಿಯಲ್ಲಿ ಹೊತ್ತು, ಬಣ್ಣದ ಕೊಳೆನೀರಿನ ತೊಟ್ಟಿಗೆ ಸುರಿದು, ಮಂಡಿಮಟ್ಟ ಇಳಿದು ಕಲಕುವುದು ಅಲ್ಲಿನ ಹೆಂಗಸರ ಕೆಲಸ. ಮಣ್ಣು ಬಣ್ಣವನ್ನು ಹಿಡಿದುಕೊಂಡು ತಳಕ್ಕೆ ಕೂರಬೇಕು. ಈ ಕೆಂಪು ಹಾಗೆ ಕೂರಬೇಕಾದರೆ ನೀರು ಹುಳಿಯಾಗಬೇಕು. ಅದಕ್ಕೆ ಆಸಿಡ್ ಬೇಕು. ಬಣ್ಣ ಇಳಿದ ಮೇಲೆ ಹುಳಿ ಮುರಿಯಲು ಸುಣ್ಣ ಬೇಕು. ಸಾವ್ಕಾರ ಪಂಚಾಕ್ಷರಪ್ಪನದು ಎರಡಕ್ಕೂ ಬಿಗಿಮುಷ್ಟಿ. ವರ್ಷವಿಡೀ ಬರೀ ಮಣ್ಣು. ಕೆಂಪು ನೀರು ಕೆಂಪಾಗಿಯೇ ತೂಬು ದಾಟಿ ಹಳ್ಳ ಸೇರುತ್ತಿತ್ತು.

ಹಳ್ಳದ ದಂಡೆಗೆ ಕೆಂಚಕ್ಕನ ಹಟ್ಟಿ. ಹಟ್ಟಿಗಿದ್ದದ್ದು ಒಂದೇ ಬಾವಿ. ಅದರ ನೀರು ಕೆಂಪಡರಿದ ಮೇಲೆ ಹೆಂಗಸರು ದುರ್ಗದ ಸರ್ಕಾರಿ ಕಚೇರಿಗೆ ಹೋಗಿ ದೂರು ಕೊಟ್ಟು ಬಂದಿದ್ದರು. ಅಂದಿನಿಂದ ತೂಬು ಮುಚ್ಚಿತ್ತು. ಇವತ್ತು ತನಿಖೆಗೆ ಸಾಹೇಬ ಬರುವವನಿದ್ದ. ಅವನು ಸರಿಯಿದೆ ಅಂದರೆ ತೂಬಿನ ಹಲಗೆ ಮೇಲೇಳುತ್ತದೆ, ಬಾವಿ ಮುಗಿಯುತ್ತದೆ.

ಅದಕ್ಕೇ ಆಸಿಡ್ ಕ್ಯಾನುಗಳು ಬಂದು ತೊಟ್ಟಿಗೆ ಬರಿದಾಗಿದ್ದವು.

"ಇಳೀಬ್ಯಾಡ್ರಮ್ಮ. ದಂಡೆ ಮ್ಯಾಲಿಂದ ಕೋಲಲ್ಲಿ ಕಲಕ್ರಿ," ಎಂದ ಪಂಚಾಕ್ಷರಪ್ಪ.

"ಇದೇನ್ರಿ ಸಾವ್ಕಾರ್ರೆ, ನಮ್ ಕಾಲಿನ್ ಮ್ಯಾಲೆ ಇವತ್ತೊಂದಿನ ಇಷ್ಟು ಕರುಣೆ?" ಎಂದಳು ಚಂದ್ರಕ್ಕ.

"ಬಾಯಿ ಮುಚ್ಕಂಡು ಕೆಲ್ಸ ನೋಡು."

"ಸುಣ್ಣದ ಮೂಟೆ ಎಲ್ಲಿ?" ಕೆಂಚಕ್ಕ ಕೇಳಿದಳು. ಅವಳ ಒಡೆದ ಹಿಮ್ಮಡಿಗೆ ತೊಟ್ಟಿಯ ನೀರು ಒಂದು ಹನಿ ಸಿಡಿದು ಮೆಣಸಿನಕಾಯಿ ಅರೆದು ಹಚ್ಚಿದಂತಾಗಿತ್ತು.

"ಸಾಹೇಬ್ರು ನೋಡಾದು ಬಣ್ಣ. ಸುಣ್ಣ ಯಾರ ಕಣ್ಣಿಗೆ ಕಾಣ್ತೈತೆ?"

ಮಧ್ಯಾಹ್ನದ ಹೊತ್ತಿಗೆ ಕೆಂಪೆಲ್ಲ ಮಣ್ಣಿಗಂಟಿ ತಳ ಸೇರಿತು. ನೀರು ಫಳಫಳ ಅನ್ನುತ್ತಿತ್ತು. ಸಾಹೇಬ ಮೂಗಿಗೆ ಕರ್ಚೀಫು ಹಿಡಿದೇ ಕಾರಿನಿಂದಿಳಿದ. ಹುಳಿ ನೋಡುವ ಕಾಗದ ಅವನ ಚೀಲದಲ್ಲಿತ್ತು. ಚೀಲ ಕಾರಿನಲ್ಲಿತ್ತು. ಅಷ್ಟು ದೂರ ಮತ್ತೆ ನಡೆಯುವ ಜೀವ ಅದಲ್ಲ. ಗಾಜಿನ ಲೋಟದಲ್ಲಿ ನೀರು ತರಿಸಿ ಬಿಸಿಲಿಗೆ ಹಿಡಿದ.

"ಎಳನೀರು ಇದ್ದಂಗೈತಲ್ರಿ."

"ಎಲ್ಲಾ ನಿಮ್ಮ ಆಶೀರ್ವಾದ ಸಾರ್. ಎಲೆ ಹಾಕೈತೆ, ಊಟಕ್ಕೆ ಬರ್ರಿ. ಕೆಂಚಕ್ಕ, ಸಾಹೇಬ್ರ ಕಾಲಿಗೆ ನೀರ್ ತಗಂಬಾ."

ಮನೆತನದ ರೂಢಿ. ಊಟಕ್ಕೆ ಬಂದವರಿಗೆ ಮೊದಲು ಕಾಲಿಗೆ ನೀರು. ಸಾವ್ಕಾರನ ನಾಲಿಗೆ ತಾನಾಗಿಯೇ ಹೇಳಿಬಿಟ್ಟಿತ್ತು. ಕೆಂಚಕ್ಕ ಬಕೆಟ್ ತಗೊಂಡು ಸೀದಾ ತೊಟ್ಟಿಗೆ ಹೋದಳು. ತುಂಬಿ ತಂದು ಜಗಲಿಯ ಕೆಳಗಿಟ್ಟಳು. ಸಾಹೇಬ ಬೂಟು ಕಳಚಿ, ಕಾಲುಚೀಲ ಕಳಚಿ, ಬೆಣ್ಣೆಯಂಥ ಪಾದ ಎತ್ತಿದ್ದ.

"ಅಯ್ಯೋ, ಅದಲ್ಲ ಸಾರ್, ಇಡಬ್ಯಾಡ್ರಿ, ಸುಡ್ತೈತೆ..." ಪಂಚಾಕ್ಷರಪ್ಪ ಅವನ ತೋಳು ಹಿಡಿದೆಳೆದ.

ಒಂಟಿಕಾಲಲ್ಲಿ ಕೊಕ್ಕರೆಯಂತೆ ನಿಂತ ಸಾಹೇಬ ಬಕೆಟ್ ನೋಡಿದ, ಸಾವ್ಕಾರನನ್ನು ನೋಡಿದ. ಆಮೇಲೆ ಕಾಲುಚೀಲ ಏರಿಸಿಕೊಂಡ.

"ಇರ್ಲಿ ಬಿಡ್ರಿ, ಸಣ್ಣ ವಿಷಯ. ದೂರಿರೋದು ಬಣ್ಣದ ಮ್ಯಾಲೆ. ಬಣ್ಣ ಹೋಗೈತೆ. ತೂಬು ಎತ್ತಿಸ್ರಿ."

"ಕೇಳಿದ್ಯೇನೇ ಕೆಂಚಿ?" ಎಂದಳು ಚಂದ್ರಕ್ಕ. "ಸಾಹೇಬ್ರ ಕಾಲಿಗಾಗದ್ದು ನಮ್ ಹೊಟ್ಟೆಗಾಗ್ತೈತಂತೆ."

ಜರಡಿ ಒಗೆದು ಹೋಗಿ ತೂಬಿನ ಹಲಗೆಯ ಮೇಲೆ ಕುಂತಳು. ಮಣ್ಣು ಹೊರುತ್ತಿದ್ದ ಉಳಿದ ಹೆಂಗಸರೂ ಬುಟ್ಟಿ ಬೋರಲು ಹಾಕಿ ಅವಳ ಪಕ್ಕ ಸಾಲಾಗಿ ಕುಂತರು.

"ನಾಳೆಯಿಂದ ಒಬ್ರಿಗೂ ಕೆಲ್ಸ ಇಲ್ಲ," ಎಂದ ಪಂಚಾಕ್ಷರಪ್ಪ.

"ನಾಳೆ ಮಾತು ನಾಳೆ," ಎಂದಳು ಕೆಂಚಕ್ಕ. ಬಕೆಟ್ಟನ್ನು ಸಾಹೇಬನ ಬೂಟಿನ ತನಕ ಸರಿಸಿದಳು. "ಎಲೇಲಿ ಊಟ ಆರ್ತೈತೆ, ಕಾಲು ತೊಳ್ಕಳ್ರಿ. ನೀವು ತೊಳ್ಕಂಡ ಮ್ಯಾಲೆ ನಾವು ಏಳ್ತೀವಿ."