ಗುಲಾಬಿ ಎಂದು ಅವನು ಕರೆದ ದಿನ

ನಾನೊಂದು ಹೆಣ್ಣು ಕರಡಿ. ಬಂಡೆಗಳ ನಡುವಿನ ಗವಿಯಲ್ಲಿ ಹುಟ್ಟಿದೆ. ಅವ್ವನ ಬೆನ್ನಿನ ಕೂದಲು ಹಿಡಿದು ಸವಾರಿ ಮಾಡಿದ ಕೆಲವು ತಿಂಗಳಷ್ಟೇ ಕಾಡು ನನ್ನದಾಗಿತ್ತು. ಒಂದು ಬೆಳಗ್ಗೆ ಯಾರೋ ಅವಳನ್ನು ಕೊಂದು, ನನ್ನನ್ನು ಗೋಣಿಚೀಲದಲ್ಲಿ ಕಟ್ಟಿ ಮಾರಿಬಿಟ್ಟರು. ಕೊಂಡವನು ಖಾಸಿಂಸಾಬ, ಊರೂರು ತಿರುಗಿ ಕರಡಿ ಆಡಿಸುವವನು. ಕಾಡಿಗೆಯಂತೆ ಕಪ್ಪಗಿದ್ದ ನನಗೆ ಗುಲಾಬಿ ಎಂದು ಹೆಸರಿಟ್ಟ.

ಕಾದ ಸೂಜಿಯಿಂದ ನನ್ನ ಮೂತಿಗೆ ತೂತು ಕೊರೆದು ಹಗ್ಗ ಪೋಣಿಸಿದವನು ಅವನೇ. ರಾತ್ರಿಯೆಲ್ಲ ಕೂತು ಆ ಗಾಯಕ್ಕೆ ಅರಿಶಿನ ಹಚ್ಚಿದವನೂ ಅವನೇ. "ಗುಲಾಬೀ!" ಎಂದು ಕೂಗಿ ಹಗ್ಗ ಜಗ್ಗಿದರೆ ನೋವು ತಾಳದೆ ಎರಡು ಕಾಲ ಮೇಲೆ ಎದ್ದು ಕುಣಿಯುತ್ತಿದ್ದೆ. ಜನ ನಗುತ್ತಿದ್ದರು. ಹಗ್ಗ ಸಡಿಲವಾಗುವವರೆಗೂ ನಿಲ್ಲಿಸುವಂತಿರಲಿಲ್ಲ. ಆಟ ಮುಗಿದ ಮೇಲೆ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುತ್ತಿದ್ದ. ಅವನ ಮಗಳು ಮಾಬುನ್ನಿ ನನ್ನ ಹೊಟ್ಟೆಗೆ ಆತುಕೊಂಡು ಮಲಗುತ್ತಿದ್ದಳು. ಅವನೆಂದರೆ ನನಗೆ ಭಯವೋ ಅಕ್ಕರೆಯೋ, ಇಂದಿಗೂ ಬಗೆಹರಿದಿಲ್ಲ.

ಹನ್ನೊಂದು ವರ್ಷವಾದ ಮೇಲೆ, ಕರಡಿ ಆಡಿಸಬಾರದೆಂದು ಅರಣ್ಯದವರು ಬಂದರು. ಖಾಸಿಂಸಾಬನೇ ನನ್ನನ್ನು ಜೀಪಿನವರೆಗೂ ನಡೆಸಿಕೊಂಡು ಬಂದ. "ಅದಕ್ಕ ಹಲ್ಲಿಲ್ಲ ಸಾಹೇಬ್ರ, ಮೆತ್ತಗ ಮಾಡಿ ಹಾಕ್ರಿ" ಎಂದು ಕೈಮುಗಿದ. ಆ ಹಲ್ಲುಗಳನ್ನು ಬೀಳಿಸಿದವನೂ ಅವನೇ.

ನನ್ನನ್ನು ತಂದು ಬಿಟ್ಟದ್ದು ನಮ್ಮ ಸೀಮೆಯ ಪ್ರಾಣಿಗಳಿಗೆಂದೇ ಮಾಡಿದ ಮೃಗಾಲಯದಲ್ಲಿ. ಒಂದು ಕಡೆ ತೋಳ, ಇನ್ನೊಂದು ಕಡೆ ಕತ್ತೆಕಿರುಬ, ಎದುರಿಗೆ ಕೃಷ್ಣಮೃಗಗಳು. ನನ್ನನ್ನು ನೋಡಿಕೊಳ್ಳುವ ಗಾದಿಲಿಂಗಪ್ಪ ಮೊದಲ ದಿನವೇ ಹಗ್ಗ ಕತ್ತರಿಸಿಹಾಕಿದ. ಮರದ ಬೊಡ್ಡೆ ಕೆದಕಿ ಇರುವೆ ತಿನ್ನುವುದನ್ನು ಕಲಿತೆ. ನಾಲ್ಕು ಕಾಲಲ್ಲಿ ನಡೆದೆ. ಹೀಗೆ ಒಂಬತ್ತು ವರ್ಷ.

ಒಂದು ಭಾನುವಾರ ಆ ಸಂಸಾರ ಬಂತು. ಕೋಲೂರಿದ ಮುದುಕ, ಅವನ ಮಗಳು, ಏಳು ವರ್ಷದ ಮೊಮ್ಮಗಳು. ಕರಡಿಯ ಕಥೆ ಕೇಳಿಕೊಂಡೇ ಬೆಳೆದ ಮೊಮ್ಮಗಳು ತಾಹೇರಾ ಹಟ ಹಿಡಿದು ಅಜ್ಜನನ್ನು ಕರೆತಂದಿದ್ದಳಂತೆ. ಅವನು ಹೊಸ ಅಂಗಿ ತೊಟ್ಟಿದ್ದ.

"ಗುಲಾಬೀ!"

ಇರುವೆಗಳನ್ನು ಬಿಟ್ಟು ಎದ್ದು ನಿಂತೆ. ನಿಲ್ಲಬೇಕೆಂದು ನಾನು ಅಂದುಕೊಳ್ಳಲಿಲ್ಲ, ಕಾಲುಗಳೇ ಎದ್ದವು. ಮುಂಗೈಯಿಂದ ಮೂತಿ ಮುಚ್ಚಿಕೊಂಡು ಕುಣಿಯತೊಡಗಿದೆ.

"ತಾತಾ, ನಿನ್ನ ಗುರ್ತು ಹಿಡೀತು!" ತಾಹೇರಾ ಚಪ್ಪಾಳೆ ತಟ್ಟಿದಳು. ಜನ ಮೊಬೈಲು ಎತ್ತಿದರು. ಮುದುಕನ ಮುಖ ಅರಳಿತು. "ಹೌದವ್ವ, ಮರ್ತಿಲ್ಲ ನೋಡು, ನನ್ನ ಮರ್ತಿಲ್ಲ!"

ಗಾದಿಲಿಂಗಪ್ಪ ಓಡಿ ಬಂದ. "ಯಜಮಾನ್ರ, ಕರೀಬ್ಯಾಡ್ರಿ! ಅದು ಖುಷಿಗೆ ಕುಣಿಯಾಕತ್ತಿಲ್ಲ, ಹೆದರೈತಿ. ಒಂಬತ್ತು ವರ್ಷದಾಗ ಒಂದಿನಾನೂ ಹಿಂಗ ಎದ್ದಿದ್ದಿಲ್ಲ."

ಖಾಸಿಂಸಾಬ ಕಂಬಿಯ ಹತ್ತಿರ ಬಂದ. ನಾನು ಮೂತಿ ಮುಚ್ಚಿಕೊಂಡಿದ್ದನ್ನು ಆಗ ಕಂಡ.

"ಸಾಕವ್ವ... ಬ್ಯಾಡ, ಕುಣಿಬ್ಯಾಡ" ಎಂದು ಕಂಬಿ ಹಿಡಿದು ಬೇಡಿಕೊಂಡ. ಆ ದನಿ ಕೇಳಿದಷ್ಟೂ ನಾನು ಜೋರಾಗಿ ಕುಣಿದೆ. ಹಗ್ಗ ಸಡಿಲವಾದರಲ್ಲವೇ ನಿಲ್ಲಿಸುವುದು? ಹಗ್ಗವೇ ಇರಲಿಲ್ಲ.

"ಅಬ್ಬಾ, ಬರ್ರಿ, ಹೋಗೋಣು" ಎಂದು ಮಾಬುನ್ನಿ ಅಳುತ್ತ ತಂದೆಯ ತೋಳು ಹಿಡಿದಳು. ತಾನು ಹೋಗದೆ ನಾನು ಕುಣಿತ ನಿಲ್ಲಿಸುವುದಿಲ್ಲ ಎಂದು ಅವನಿಗೂ ತಿಳಿದಿರಬೇಕು. ಒಂಬತ್ತು ವರ್ಷದ ಮೇಲೆ ಬಂದವನು ಹೋಗ್ತೀನಿ ಅಂತಲೂ ಹೇಳದೆ ಬೆನ್ನು ತಿರುಗಿಸಿದ. ಕೋಲಿನ ಸದ್ದು ಕೃಷ್ಣಮೃಗಗಳ ಬೇಲಿ ದಾಟಿದ ಮೇಲೆ ನನ್ನ ಮುಂಗಾಲುಗಳು ನೆಲಕ್ಕೆ ಬಂದವು. ಮೂರು ದಿನ ನಾನು ಏನೂ ತಿನ್ನಲಿಲ್ಲ.

ಮಳೆಗಾಲ ಕಳೆದ ಮೇಲೆ ಮತ್ತೆ ಬಂದರು. ಗಾಳಿ ಅವನ ಕಡೆಯಿಂದ ಬೀಸುತ್ತಿತ್ತು, ವಾಸನೆಯಿಂದಲೇ ಗೊತ್ತಾಯಿತು. ಅವನು ಜನರ ಹಿಂದೆ ನಿಂತಿದ್ದ.

"ಕರಿ ತಾತಾ, ಮೆಲ್ಲಕ. ಒಂದೇ ಸಲ."

ಅವನು ಕರೆಯಲಿಲ್ಲ. ಕೆಮ್ಮು ಬಂದಾಗ ಬಾಯಿಗೆ ಟವೆಲು ಒತ್ತಿಕೊಂಡ. ಹೊತ್ತು ಇಳಿಯುವ ತನಕ ಹಾಗೇ ನಿಂತಿದ್ದ. ನಾನು ಕಲ್ಲಂಗಡಿ ತಿನ್ನುತ್ತಿದ್ದೆ.

ಈಗ ಮುದಿಯಾಗಿದ್ದೇನೆ. ಭಾನುವಾರಗಳಲ್ಲಿ ಬೇಲಿಯಾಚೆ ಮಕ್ಕಳ ಗಲಾಟೆ ಕೇಳಿಸುತ್ತದೆ. ಕಣ್ಣು ಮಂಜಾಗಿದೆ, ಮೂಗೂ ಮೊದಲಿನಂತಿಲ್ಲ. ಅವನು ಎಷ್ಟೋ ಸಲ ಬಂದು, ಜನರ ಹಿಂದೆ ಸುಮ್ಮನೆ ನಿಂತು ಹೋಗಿದ್ದರೂ ಹೋಗಿರಬಹುದು. ಇಲ್ಲವೇ ತೀರಿಕೊಂಡಿರಲೂಬಹುದು. ಅವನು ಕರೆಯುವುದಿಲ್ಲವಲ್ಲ, ನನಗೆ ತಿಳಿಯುವುದಾದರೂ ಹೇಗೆ?