ನೀಲಿ ಪಟ್ಟಿಯ ಮೇಕೆ

"ಏನ್ಲಾ, ಕೈಗೆ ಲಕ್ವ ಹೊಡದೈತಾ? ಮೇಕೆ ಬಾಚು ಅಂದ್ರೆ ಮದುವಣಗಿತ್ತಿ ತಲೆ ಬಾಚ್ದಂಗೆ ಬಾಚ್ತಾ ಕುಂತವ್ನೆ, ಬೋಳಿಮಗ!"

ಜಂಬಲ್ ಜೀಪಿನಿಂದ ಇಳಿಯುತ್ತಲೇ ಶುರುಮಾಡಿದ್ದ. ಗೊಂಬೊ ಬಾಚಣಿಗೆ ಕೆಳಗಿಟ್ಟು, ಎದ್ದು, ಅಂಗಿಯ ಮಡಿಲಿನಿಂದ ನಶ್ಯದ ಬುರುಡೆ ತೆಗೆದು ಬಲಗೈಯಲ್ಲಿ ಮುಂದೆ ಹಿಡಿದ. ಆ ಸೀಮೆಯ ರೂಢಿಯಂತೆ, ಬಂದವನು ಹಗೆಯೇ ಆಗಿರಲಿ, ಅದನ್ನು ತೆಗೆದುಕೊಂಡು ಮೂಗಿಗೆ ಹಿಡಿದು ಹಿಂದಕ್ಕೆ ಕೊಡುತ್ತಾನೆ. ಜಂಬಲ್ ಅದರ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ಗೊಂಬೊನ ಕೈ ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿತ್ತು. ಆಮೇಲೆ ಬುರುಡೆ ಮಡಿಲಿಗೆ ವಾಪಸು ಹೋಯಿತು. ಅವನ ಹೆಂಡತಿ ಯಂಜಮಾ ಕಾಲು ಕಟ್ಟಿದ ಮೇಕೆಯ ಪಕ್ಕದಲ್ಲಿ ಮಂಡಿಯೂರಿ ಕೂತು ಇದನ್ನೆಲ್ಲ ನೋಡಿದಳು, ನೋಡದವಳಂತೆ ಬಾಚಿದಳು.

ಒಂದು ಕಾಲಕ್ಕೆ ಅವರಿಗೂ ಸ್ವಂತ ಮಂದೆ ಇತ್ತು. ಒಂದು ಕೆಟ್ಟ ಚಳಿಗಾಲ ಅದನ್ನು ಗುಡಿಸಿಕೊಂಡು ಹೋಯಿತು. ಅಂದಿನಿಂದ ಪೇಟೆಯಲ್ಲಿ ಅಂಗಡಿ ಇಟ್ಟಿರುವ ಜಂಬಲ್‌ನ ಮೇಕೆ ಕಾಯುವುದೇ ಬಾಳಾಯಿತು. ಹಿಟ್ಟು, ಚಹಾ, ವರ್ಷಕ್ಕೆ ಒಂದಿಷ್ಟು ಮರಿ, ಅಷ್ಟೇ ಕೂಲಿ. ಅವರ ಗುಡಾರದ ಪಕ್ಕದಲ್ಲಿದ್ದ, ಗುಡ್ಡದ ಮರೆಯ ಕಲ್ಲಿನ ಕೊಟ್ಟಿಗೆಯೂ ಅವನ ಹೆಸರಿನಲ್ಲೇ ಇತ್ತು. ಅದಿಲ್ಲದಿದ್ದರೆ ಆ ಬಯಲಲ್ಲಿ ಒಂದು ಚಳಿಗಾಲವನ್ನೂ ಯಾರೂ ದಾಟಲಾರರು.

"ಧಣೇರೆ, ಇನ್ನಾ ಬಿಟ್ಕೊಂಡಿಲ್ಲ," ಅಂದ ಗೊಂಬೊ. ಮೇಕೆಯ ಕತ್ತಿನ ಕೂದಲು ಸರಿಸಿ ಅಡಿಯ ಮೆತ್ತನೆಯ ತುಪ್ಪಳ ತೋರಿಸಿದ. "ತುಪ್ಪಳ ತಾನಾಗೇ ಮೇಲಕ್ಕೆ ಎದ್ದು ಬರ್ಬೇಕು. ಈಗ ಎಳುದ್ರೆ ಚರ್ಮನೇ ಕಿತ್ಕಂಡ್ ಬತ್ತದೆ. ಇನ್ನೊಂದು ಹಿಮಗಾಳಿ ಬೇರೆ ಬಾಕಿ ಐತೆ. ಬರಿಮೈಲಿ ಸಿಕ್ಕಾಕ್ಕಂಡ್ರೆ ಒಂದೂ ಉಳಿಯಕ್ಕಿಲ್ಲ."

"ಗಾಳಿ ನಿಮ್ಮಪ್ಪಂದೇನ್ಲಾ, ನಿಂಗೆ ಹೇಳಿ ಬರಕ್ಕೆ? ತುಪ್ಪಳ ಕೊಳ್ಳೋ ಗಡಿಯಾಚೆ ಲಾರಿ ಪೇಟೆಗೆ ಬಂದು ನಿಂತೈತೆ. ಮೊದಲು ತಂದೋರಿಗೇ ಒಳ್ಳೆ ರೇಟು. ಆಗಲ್ಲ ಅಂದ್ರೆ ಹೇಳ್ಬುಡು, ಕೊಟ್ಟಿಗೆಗೆ ಬ್ಯಾರೆ ಜನ ಕ್ಯೂ ನಿಂತವ್ರೆ."

ಗೊಂಬೊ ಮತ್ತೆ ಮಂಡಿಯೂರಿದ. ಕೊಂಬಿಗೆ ಹಗ್ಗ, ಕಾಲಿಗೆ ಹಗ್ಗ, ಬಾಗಿದ ಹಲ್ಲಿನ ಕಬ್ಬಿಣದ ಬಾಚಣಿಗೆ. ಎಳೆದಾಗಲೆಲ್ಲ ಮೇಕೆ ಅರಚುತ್ತಿತ್ತು. ತುಪ್ಪಳದ ಬುಡದಲ್ಲಿ ಅಲ್ಲಲ್ಲಿ ರಕ್ತ ಅಂಟಿತ್ತು.

ಜಂಬಲ್ ಮಂದೆಯೊಳಗೆ ಓಡಾಡುತ್ತ ಒಂದು ಕಡೆ ನಿಂತ. ಅಲ್ಲಿ ಕತ್ತಿಗೆ ನೀಲಿ ರೇಷ್ಮೆಪಟ್ಟಿ ಕಟ್ಟಿಸಿಕೊಂಡಿದ್ದ ಕೆಂಚು ಮೇಕೆ ಮೆಲುಕು ಹಾಕುತ್ತಿತ್ತು.

"ಇದ್ಯಾಕೆ ಹಿಂಗೇ ಬಿಟ್ಟಿದೀಯಮ್ಮಿ?"

ಯಂಜಮಾ ಬಾಚಣಿಗೆ ಬಿಟ್ಟು ಎದ್ದಳು. "ಅದು ಮುಡಿಪು ಬಿಟ್ಟಿರೋದು ಧಣಿ. ನಮ್ದೇ ಮೇಕೆ. ಮಗಳು ಸೋಲಾಂಗೊ ಜ್ವರದಾಗೆ ಸಾಯಂಗಾದಾಗ ಲಾಮಾ ಕೈಲಿ ಪಟ್ಟಿ ಕಟ್ಸಿದ್ದು. ಅದ್ಕೆ ಹಗ್ಗ ಹಾಕಂಗಿಲ್ಲ, ಕೂದ್ಲು ತೆಗಿಯಂಗಿಲ್ಲ. ಅದರ ಉಸಿರಿಗೂ ಕೂಸಿನ ಉಸಿರಿಗೂ ಗಂಟು ಐತೆ."

"ನನ್ನ ಹುಲ್ಲು ಮೇಯ್ವಾಗ ಇದು ದೇವ್ರು ಅಂತ ಗೊತ್ತಾಗ್ನಿಲ್ವಾ? ಮಗಳು ಪೇಟೆ ಹಾಸ್ಟೆಲ್‌ನಾಗೆ ಉಂಡ್ಕಂಡು ಗುಂಡುಕಲ್ಲು ಇದ್ದಂಗವ್ಳೆ. ಬಾಚು. ಸಂಜೆಗೆ ಬಂದು ನೋಡ್ತೀನಿ."

ಜೀಪು ಹೋಯಿತು. ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ಗೊಂಬೊ ಮೆಲ್ಲಗೆ, "ಕೊಟ್ಟಿಗೆ ಹೋದ್ರೆ ಎಲ್ಲಿಗೋಗಾಣ, ಹೇಳು," ಅಂದು ಅತ್ತ ತಿರುಗಿದ.

ಯಂಜಮಾ ಆ ಮೇಕೆಗೆ ಹಗ್ಗ ಹಾಕಲಿಲ್ಲ. ಹಾಕುವ ಅಗತ್ಯವೂ ಬೀಳಲಿಲ್ಲ. ಅವಳು ಕರೆದರೆ ಬರುತ್ತಿತ್ತು, ಮಲಗು ಅಂದರೆ ಮಡಿಲಿಗೆ ತಲೆಯಿಟ್ಟು ಮಲಗುತ್ತಿತ್ತು. ಇವತ್ತೂ ಹಾಗೇ ಮಲಗಿತು. ಅವಳು ಕಣ್ಣು ಮುಚ್ಚಿ ಎಡಮಗ್ಗುಲನ್ನು ಬಾಚಿದಳು. ಅದು ಅರಚಲೂ ಇಲ್ಲ, ಒಮ್ಮೆ ಮೈ ನಡುಗಿಸಿ ಅವಳ ತೋಳನ್ನು ನೆಕ್ಕಿತು. ಬಲಮಗ್ಗುಲಿಗೆ ತಿರುಗಿಸಲು ಅವಳ ಕೈ ಬರಲಿಲ್ಲ. ಅರ್ಧ ಉಳಿಸಿದರೆ ಪಾಪವೂ ಅರ್ಧವೇ ಎಂದು ತನ್ನನ್ನು ತಾನೇ ನಂಬಿಸಿಕೊಂಡಳು. ಸಂಜೆ ಜಂಬಲ್ ಬಂದಾಗ ಆ ಮೇಕೆಯನ್ನು ಬೋಳು ಮಗ್ಗುಲು ಅವನ ಕಡೆಗಿರುವಂತೆ ನಿಲ್ಲಿಸಿದಳು.

ಮಂದೆಯನ್ನೆಲ್ಲ ಬಾಚಿ, ತುಪ್ಪಳವನ್ನು ಚೀಲಗಳಿಗೆ ತುಂಬಿ ಹೊಲಿದ ಮರುದಿನವೇ ಹಿಮಗಾಳಿ ಬಂದೇ ಬಂತು. ಮಧ್ಯಾಹ್ನಕ್ಕೆ ಪಡುವಣದ ಗುಡ್ಡ ಕಾಣದಾಯಿತು, ಅರೆಗಳಿಗೆಯಲ್ಲಿ ಕೊಟ್ಟಿಗೆಯ ಗೋಡೆಯೂ ಕಾಣದಾಯಿತು. ಬರಿಮೈಯ ಮೇಕೆಗಳು ಒಂದರ ಹೊಟ್ಟೆಯಡಿಗೆ ಒಂದು ನುಗ್ಗಿ ತುಳಿದಾಡಿದವು. ಹಳೆಯ ಕಂಬಳಿ, ಚೀಲ, ಗೊಂಬೊನ ಹರಕು ಅಂಗಿ, ಸಿಕ್ಕಿದ್ದನ್ನೆಲ್ಲ ಹೊದಿಸಿ ಹೊಟ್ಟೆಯಡಿ ಹಗ್ಗ ಬಿಗಿದರು. ಕೊನೆಗೆ ಯಂಜಮಾಳ ಕೈಯಲ್ಲಿ ಒಂದೇ ಒಂದು ಕಂಬಳಿ ಉಳಿಯಿತು. ಎದುರಿಗೆ ಜಂಬಲ್‌ನ ಬಿಳಿ ಹೋತ. ಜಾತ್ರೆಯ ಪಂದ್ಯದಲ್ಲಿ ಪದಕ ಗೆದ್ದದ್ದು, ಅವನ ಅಂಗಡಿಯಲ್ಲಿ ಅದರ ಪಟವೂ ತೂಗುತ್ತಿತ್ತು. ಪಕ್ಕದಲ್ಲಿ ನೀಲಿ ಪಟ್ಟಿಯ ಕೆಂಚು ಮೇಕೆ.

"ಹೋತಕ್ಕೆ ಹಾಕು! ಅದು ಸತ್ರೆ ನಮ್ಮನ್ನ ಬಿಡಕ್ಕಿಲ್ಲ ಅವ್ನು!" ಗಾಳಿಯಲ್ಲಿ ಗೊಂಬೊ ಕೂಗಿದ.

ಅವಳು ಹೋತಕ್ಕೆ ಹೊದಿಸಿದಳು. ಕೆಂಚು ಮೇಕೆ ಎಂದಿನಂತೆ ಅವಳ ತೊಡೆಗೆ ತಲೆ ಒತ್ತಿಕೊಂಡು ಬಂತು. ಹಗ್ಗ ಬಿಗಿಯಲು ಅಡ್ಡ ಬಂತೆಂದು ಮೊಣಕಾಲಿನಿಂದ ಅದನ್ನು ಆಚೆ ತಳ್ಳಿದಳು. ಆ ತಳ್ಳಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ.

ಬೆಳಗ್ಗೆ ಬಿಸಿಲು ಬಿದ್ದಾಗ ಏನೂ ಆಗಿಯೇ ಇಲ್ಲವೇನೋ ಎಂಬಂತೆ ಆಕಾಶ ತಿಳಿಯಾಗಿತ್ತು. ಕೊಟ್ಟಿಗೆಯ ಮೂಲೆಯಲ್ಲಿ ಸತ್ತ ಮೇಕೆಗಳು ಮರದ ತುಂಡುಗಳ ಹಾಗೆ ಸೆಟೆದು ಬಿದ್ದಿದ್ದವು. ಬಿಳಿ ಹೋತ ಕಂಬಳಿಯೊಳಗೆ ನಿಂತು ಮೆಲುಕು ಹಾಕುತ್ತಿತ್ತು. ಕೆಂಚು ಮೇಕೆ ಬಾಗಿಲ ಬಳಿ ಗುಡಾರದ ಕಡೆ ಮುಖ ಮಾಡಿ ಬಿದ್ದಿತ್ತು. ಬೋಳಾದ ಎಡಮಗ್ಗುಲು ಮೇಲಾಗಿತ್ತು, ಅದರ ಮೇಲೆ ಹಿಮ ಗಟ್ಟಿಯಾಗಿ ಕೂತಿತ್ತು. ಯಂಜಮಾ ಅಂಗೈಯಿಂದ ಉಜ್ಜಿದಳು, ಹಿಮ ಬಿಡಲಿಲ್ಲ. ಮಗಳ ಮುಖ ಕಣ್ಣ ಮುಂದೆ ಬಂತು.

ಜಂಬಲ್ ತುಪ್ಪಳದ ಚೀಲ ಒಯ್ಯಲು ಬಂದ. ಹೆಣಗಳ ನಡುವೆ ಬೂಟು ಎಳೆಯುತ್ತ ನಡೆದ.

"ಕುಡ್ದು ಮಲಗಿದ್ರೇನ್ರೋ ಸೂಳೆಮಕ್ಳಾ? ಹೋತ ಉಳೀತಲ್ಲ, ನಿಮ್ಮ ಪುಣ್ಯ. ಸತ್ತವನ್ನ ಬಿಸಾಕ್ಬೇಡಿ, ಅಳಿದುಳಿದ ತುಪ್ಪಳ ಬಾಚಿ." ಕೆಂಚು ಮೇಕೆಯನ್ನು ಬೂಟಿನಿಂದ ಮಗುಚಿದ. ಬಲಮಗ್ಗುಲಿನ ತುಪ್ಪಳ ಬಿಸಿಲಿಗೆ ಹೊಳೆಯಿತು. "ಥೂ ಕಳ್ಳಿ! ಅರ್ಧ ಮುಚ್ಚಿಟ್ಟಿದ್ಯಾ? ಈಗ ಬಾಚು, ನನ್ನ ಕಣ್ಮುಂದೆ. ಈಗೇನು ದೇವ್ರು ಒದಿಯಕ್ಕಿಲ್ಲ."

ಯಂಜಮಾ ಎದ್ದಳು. ಬಾಚಣಿಗೆಗೆ ಹೋಗುತ್ತಾಳೆಂದು ಇಬ್ಬರೂ ತಿಳಿದರು. ಅವಳು ಹೋದದ್ದು ಚೀಲದ ಬಳಿಗೆ. ಹೊಲಿದ ಬಾಯನ್ನು ಹಲ್ಲಿನಿಂದ ಹರಿದಳು. ಎರಡು ಕೈ ತುಂಬ ತುಪ್ಪಳ ತೆಗೆದು ತಂದು ಕೆಂಚು ಮೇಕೆಯ ಬೋಳು ಮಗ್ಗುಲಿಗೆ ಹೊದಿಸಿದಳು. ಮತ್ತೆ ಹೋಗಿ ತಂದು ಪಕ್ಕದ ಮೇಕೆಗೆ ಹೊದಿಸಿದಳು. ನಿನ್ನೆಯ ಗಾಳಿಯ ಬಾಲ ಇನ್ನೂ ಬಯಲಲ್ಲೇ ಇತ್ತು. ಹೊದಿಸಿದ್ದು ಹೊದಿಸಿದಂತೆಯೇ ಎದ್ದು ಹಾರಿತು.

"ಏಯ್! ಏಯ್ ಹುಚ್ಚುಮುಂಡೆ! ನನ್ನ ಮಾಲು ಕಣೇ ಅದು!"

"ಇವುಗಳ್ದು," ಅಂದಳು ಯಂಜಮಾ. "ಕೊಟ್ಬುಡ್ತಾ ಇವ್ನಿ."

"ಹಿಡ್ಕಳಲಾ ನಿನ್ನೆಂಡ್ತೀನ!"

ಗೊಂಬೊ ಬಂದ. ಅವಳ ಪಕ್ಕದಲ್ಲಿ ನಿಂತು, ಎರಡನೆಯ ಚೀಲವನ್ನು ತಲೆಕೆಳಗು ಮಾಡಿ ಕೊಡವಿದ. ಬೂದು ತುಪ್ಪಳ ಗುಡ್ಡೆಗುಡ್ಡೆಯಾಗಿ ಉರುಳಿ ಬಯಲಿನ ಮುಳ್ಳುಗಿಡಗಳಿಗೆ ಸಿಕ್ಕಿಕೊಂಡಿತು. ಜಂಬಲ್ ಹಿಮದಲ್ಲಿ ಜಾರುತ್ತ, ಮಂಡಿ ಊರುತ್ತ, ಹಿಡಿ ಹಿಡಿಯಾಗಿ ಟೋಪಿಗೆ ತುಂಬತೊಡಗಿದ. "ಕೊಟ್ಟಿಗೆ ಇವತ್ತೇ ಖಾಲಿ ಮಾಡ್ರೋ! ಬೀದಿನಾಯಿಗಳಂಗೆ ಸಾಯ್ರೋ!" ಎಂದು ಅಲ್ಲಿಂದಲೇ ಅರಚಿದ.

ಗೊಂಬೊ ಗುಡಾರದ ಹಗ್ಗ ಬಿಚ್ಚಲು ಹೋದ. ಯಂಜಮಾ ಅಲ್ಲೇ ನಿಂತಿದ್ದಳು. ಹಗುರಾಗಬೇಕಿದ್ದ ಎದೆ ಹಗುರಾಗಲಿಲ್ಲ. ಅಷ್ಟರಲ್ಲಿ, ಬದುಕುಳಿದಿದ್ದ ಬರಿಮೈಯ ಮೇಕೆಗಳು ಕುಂಟುತ್ತ ಒಂದೊಂದಾಗಿ ಬಂದು ಅವಳನ್ನು ಸುತ್ತುವರಿದವು. ದಿನಾ ಅವಳ ಕೈಯಿಂದ ಉಪ್ಪು ನೆಕ್ಕಿ ರೂಢಿ. ಈಗಲೂ, ತಮ್ಮ ಮೈ ಬೋಳುಮಾಡಿದ ಅದೇ ಕೈಯನ್ನು ಹುಡುಕಿ ಮೂತಿ ಚಾಚಿದವು. ಅವಳು ಎರಡೂ ಕೈಗಳನ್ನು ಅಂಗಿಯ ಉದ್ದ ತೋಳಿನೊಳಕ್ಕೆ ಎಳೆದುಕೊಂಡಳು. ಅವು ಬಿಡದೆ ಅಂಗಿಯ ತೋಳನ್ನೇ ನೆಕ್ಕತೊಡಗಿದವು.